ಸಾಕಿದ ಹಾವು ಯಾಕೆ ಕಚ್ಚುತ್ತದೆ? ಕಚ್ಚದ ಹಾಗೆ ನೋಡಿಕೊಳ್ಳುವುದು ಹೇಗೆ?

ಅಮೆರಿಕ, ಬ್ರಿಟನ್, ಜರ್ಮನಿಯ ಕನ್ನಡದ ಮನೆಗಳಲ್ಲೂ ಈಗ ಹಾವು ಸಾಕುವವರು ಸಿಗುತ್ತಾರೆ. ಇದು ಹೆಚ್ಚಾಗಿ ಶುರುವಾಗುವುದು ಮಕ್ಕಳಿಂದ. ಗೆಳೆಯನ ಮನೆಯಲ್ಲಿ ಬಾಲ್ ಪೈಥಾನ್ ಅನ್ನುವ ಆಫ್ರಿಕಾದ ಸಣ್ಣ ಹೆಬ್ಬಾವು ನೋಡಿ ಬರುತ್ತಾರೆ, ನಮಗೂ ಬೇಕು ಅಂತ ಹಟ ಹಿಡಿಯುತ್ತಾರೆ. ಒಂದು ದಿನ ಹಾವು ಮನೆಗೆ ಬರುತ್ತದೆ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಚ್ಚಿದರೆ ಏನು ಗತಿ?

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್ (ಅಮೆರಿಕದ ತೆಳು ಮೈಯ ಹಾವು) ಇವೆ. ಎರಡಕ್ಕೂ ವಿಷವಿಲ್ಲ. ಇವನ್ನು ನೋಡಿಕೊಳ್ಳುತ್ತಾ ನನಗೆ ಗಟ್ಟಿಯಾದ ಮಾತು ಒಂದು. ಸಾಕಿದ ಹಾವಿನ ಕಡಿತಕ್ಕೆ ಕಾರಣ ಬೇಕಿದ್ದರೆ, ಕಚ್ಚುವ ಮುಂಚಿನ ಒಂದು ನಿಮಿಷದಲ್ಲಿ ನಮ್ಮ ಕೈ ಏನು ಮಾಡುತ್ತಿತ್ತು ಅಂತ ನೋಡಬೇಕು. ಉತ್ತರ ಬಹುಪಾಲು ಅಲ್ಲೇ ಇರುತ್ತದೆ.

ಮುಂದೆ ಹೋಗುವ ಮುಂಚೆ ಎರಡು ಮಾತು. ಈ ಬರಹ ವಿಷವಿಲ್ಲದ ಸಾಕು ಹಾವುಗಳಿಗೆ, ಜೊತೆಗೆ ಸೌಮ್ಯ ವಿಷದ ಹಾಗ್‌ನೋಸ್ ಅನ್ನುವ ಸಾಕು ಹಾವಿಗೆ ಮಾತ್ರ. ಊರಿನ ತೋಟದಲ್ಲೋ ಗದ್ದೆಯಲ್ಲೋ ಹಾವು ಕಚ್ಚಿದರೆ ಇಲ್ಲಿನ ಯಾವ ಸಲಹೆಯೂ ಅನ್ವಯಿಸುವುದಿಲ್ಲ. ಅಲ್ಲಿ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ.

ಎರಡನೆಯದು ಕಾನೂನು. ಭಾರತದಲ್ಲಿ ನಾಗರಹಾವು, ಕೇರೆ, ಹೆಬ್ಬಾವು ಹೀಗೆ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇದ್ದರೆ 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹವಾಯಿ, ನ್ಯೂಜಿಲೆಂಡ್, ಸಿಂಗಾಪುರದಲ್ಲಿ ಸಾಕುವುದಕ್ಕೆ ಅವಕಾಶವೇ ಇಲ್ಲ. ಬೇರೆ ಕಡೆ ಇರುವವರು ತಮ್ಮ ರಾಜ್ಯದ, ಊರಿನ ನಿಯಮ ನೋಡಿಕೊಂಡೇ ಕೊಳ್ಳಿ.

ಹಂತ 1: ಕಡಿತದಲ್ಲಿ ಎರಡು ಬಗೆ, ಮೊದಲು ಅದನ್ನು ತಿಳಿಯಿರಿ

ಹಾವು ಹನ್ನೆರಡು ವರ್ಷ ದ್ವೇಷ ಸಾಧಿಸುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಈ ನಂಬಿಕೆಯನ್ನು ಮೊದಲು ಪಕ್ಕಕ್ಕಿಡಿ. ಹಾವಿಗೆ ಸೇಡು ಗೊತ್ತಿಲ್ಲ. ನಿಮ್ಮ ಕೈಗೆ ಅದು ಬಾಯಿ ಹಾಕುವುದು ಹೆಚ್ಚುಕಡಿಮೆ ಎರಡೇ ಕಾರಣಕ್ಕೆ. ಒಂದು, ಹೆದರಿಕೆ. ಇನ್ನೊಂದು, ಕೈಯನ್ನು ಊಟ ಅಂದುಕೊಂಡಿರುವುದು.

ಹೆದರಿ ಕಚ್ಚುವುದು ಒಂದು ಕ್ಷಣದ ಕೆಲಸ. ರಪ್ ಅಂತ ಬಂದು, ತಾಗಿ, ತಕ್ಷಣ ಬಿಟ್ಟು ಹಿಂದೆ ಸರಿಯುತ್ತದೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಗುದ್ದುತ್ತದೆ. ದೂರ ಹೋಗು ಅನ್ನುವುದಷ್ಟೇ ಅದರ ಉದ್ದೇಶ.

ಊಟದ ಕಡಿತ ಹಾಗಲ್ಲ. ಇಲ್ಲಿ ಹಾವು ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಕಚ್ಚಿ ಹಿಡಿದು, ಮೈಯನ್ನು ಕೈಗೆ ಸುತ್ತಿ ಬಿಗಿಯುತ್ತದೆ. ನಾಲ್ಕು ಅಡಿಯ ಬಾಲ್ ಪೈಥಾನ್ ಹೀಗೆ ಮಾಡಿದರೆ ಜೀವಕ್ಕೆ ಅಪಾಯವಿಲ್ಲ, ಆದರೆ ಎದೆ ಧಸಕ್ ಅನ್ನುವುದಂತೂ ನಿಜ.

ಈ ಎರಡರ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಎರಡಕ್ಕೂ ಪರಿಹಾರ ಬೇರೆ. ಹೆದರಿದ ಹಾವಿಗೆ ಸಮಯ ಕೊಡಬೇಕು, ಅಡಗಲು ಜಾಗ ಕೊಡಬೇಕು. ಊಟ ಅಂದುಕೊಂಡ ಹಾವಿಗೆ ನಿಮ್ಮ ಕೈ ಊಟವಲ್ಲ ಅನ್ನುವುದನ್ನು ಮುಂಚೆಯೇ ತಿಳಿಸಬೇಕು. ಹಸಿದ ಹಾವನ್ನು ಸಿಟ್ಟಿನ ಹಾವು ಅಂದುಕೊಂಡರೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಹಂತ 2: ಹಾವಿಗೆ ನೀವು ಹೇಗೆ ಕಾಣುತ್ತೀರಿ ಅಂತ ಯೋಚಿಸಿ

ಹಾವಿಗೆ ಹೊರಗಿವಿ ಇಲ್ಲ, ಕಣ್ಣಿಗೆ ರೆಪ್ಪೆ ಇಲ್ಲ. ನೆಲದ ಅದುರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನಾಲಿಗೆ ಚಾಚಿ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗ ಆ ಕಣಗಳನ್ನು ಗುರುತಿಸುತ್ತದೆ. ಅಂದರೆ ನಾಲಿಗೆ ಆಡಿಸುವುದು ಕಚ್ಚುವ ಸೂಚನೆಯಲ್ಲ. ಯಾರು ಬಂದಿದ್ದಾರೆ ಅಂತ ಅದು ವಿಚಾರಿಸುತ್ತಿದೆ ಅಷ್ಟೇ. ನಿಮ್ಮ ಕೈಯಲ್ಲಿ ಇಲಿಯ ವಾಸನೆ ಇದ್ದರೆ ಆ ವಿಚಾರಣೆಗೆ ಸಿಗುವ ಉತ್ತರವೇ ತಪ್ಪಾಗುತ್ತದೆ. ಮೊಲ, ಹ್ಯಾಮ್‌ಸ್ಟರ್ ಮುಟ್ಟಿ ಬಂದ ಕೈಯೂ ಅಷ್ಟೇ.

ಬಾಲ್ ಪೈಥಾನ್‌ಗೆ ಇನ್ನೊಂದು ಶಕ್ತಿ ಇದೆ. ಅದರ ತುಟಿಯ ಅಂಚನ್ನು ಹತ್ತಿರದಿಂದ ನೋಡಿ. ಮೇಲ್ತುಟಿಯ ಹುರುಪೆಗಳ ಮೇಲೆ ಸಾಲಾಗಿ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಶಾಖವನ್ನು ಗುರುತಿಸುವುದು ಇವುಗಳಿಂದ. ಕತ್ತಲಲ್ಲಿ ಬಿಸಿ ಮೈಯ ಇಲಿ ಎಲ್ಲಿದೆ ಅಂತ ಅದಕ್ಕೆ ಇದರಿಂದಲೇ ತಿಳಿಯುತ್ತದೆ. ನಮ್ಮ ಕೈಯೂ ಬಿಸಿ, ಇಲಿಯೂ ಬಿಸಿ. ಹಸಿದ ಹಾವಿನ ಮುಂದೆ ಬೆರಳು ಆಡಿಸಿದರೆ ಅದು ಏನಂದುಕೊಳ್ಳಬೇಕು ಹೇಳಿ?

ಕಾರ್ನ್ ಸ್ನೇಕ್‌ಗೆ ಈ ಕುಳಿಗಳಿಲ್ಲ. ಅದು ವಾಸನೆ ಮತ್ತು ಚಲನೆಯನ್ನು ನಂಬುತ್ತದೆ. ಅದರ ಮರಿಗಳು ಭಯಕ್ಕೆ ಬೇಗ ಬಾಯಿ ಹಾಕುತ್ತವೆ. ಬೆಳೆದ ಮೇಲೆ ಬಹುತೇಕ ಎಲ್ಲವೂ ಶಾಂತವಾಗುತ್ತವೆ. ಮರಿ ಕಚ್ಚಿದರೆ ಚರ್ಮ ಗೀಚಿದಷ್ಟೇ ಆಗುತ್ತದೆ.

ಹಂತ 3: ಮುನ್ಸೂಚನೆ ಓದುವುದನ್ನು ಕಲಿಯಿರಿ

ಕುತ್ತಿಗೆಯನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಿಚಿ ತಲೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದರೆ ಹಾವು ಎರಗಲು ತಯಾರಾಗಿದೆ ಅಂತ ಅರ್ಥ. ಬುಸುಗುಟ್ಟುವುದು ಹೆದರಿಕೆಯ ಗುರುತು. ಕಾರ್ನ್ ಸ್ನೇಕ್ ಬಾಲದ ತುದಿಯನ್ನು ಪಟಪಟ ಅಲ್ಲಾಡಿಸುತ್ತದೆ. ಅಡಿಯಲ್ಲಿ ಕಾಗದವೋ ಒಣ ಎಲೆಯೋ ಇದ್ದರೆ ಸದ್ದೂ ಬರುತ್ತದೆ. ಹಾಗ್‌ನೋಸ್ ಹಾವು ಕುತ್ತಿಗೆ ಅಗಲಿಸಿ ಜೋರಾಗಿ ಬುಸುಗುಟ್ಟುತ್ತದೆ. ಬಾಲ್ ಪೈಥಾನ್ ಹೆದರಿದರೆ ಕಚ್ಚುವುದಕ್ಕಿಂತ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುವುದೇ ಜಾಸ್ತಿ. ಆಗ ಬಲವಂತವಾಗಿ ಬಿಡಿಸಬೇಡಿ. ಅದು ತನ್ನ ಕಡೆಯಿಂದ ಎಷ್ಟು ಸಾಧ್ಯವೋ ಅಷ್ಟು ಸೌಮ್ಯವಾಗಿ ಬೇಡ ಅನ್ನುತ್ತಿದೆ.

ಹಸಿವಿನ ಸೂಚನೆ ಇದಕ್ಕೆ ಪೂರಾ ಉಲ್ಟಾ. ಹೆದರಿದ ಹಾವು ದೂರ ಸರಿಯುತ್ತದೆ, ಹಸಿದ ಹಾವು ಹತ್ತಿರ ಬರುತ್ತದೆ. ಸಂಜೆ ಹೊತ್ತು ನಮ್ಮ ಬಾಲ್ ಪೈಥಾನ್ ತನ್ನ ಗಾಜಿನ ಪೆಟ್ಟಿಗೆಯೊಳಗಿನ ಅಡಗುತಾಣದ ಬಾಗಿಲಲ್ಲಿ ತಲೆಯಷ್ಟನ್ನೇ ಹೊರಗಿಟ್ಟು ಕೂರುತ್ತದೆ. ಮೈ ಕಲ್ಲಿನ ಹಾಗೆ ಸ್ಥಿರ. ನಾಲಿಗೆ ನಿಧಾನವಾಗಿ ಹೊರಬಂದು, ಮೇಲೆ ಕೆಳಗೆ ಆಡಿ, ಒಳಗೆ ಹೋಗುತ್ತದೆ. ಗಾಜಿನಾಚೆ ನಾನು ಎಡಕ್ಕೆ ಸರಿದರೆ ಮೂತಿಯೂ ಕೂದಲೆಳೆಯಷ್ಟು ಎಡಕ್ಕೆ ತಿರುಗುತ್ತದೆ. ನೋಡಿದವರು 'ಎಷ್ಟು ಸಾಧು, ಹತ್ತಿರ ಬಂದು ನೋಡ್ತಿದೆ' ಅನ್ನುತ್ತಾರೆ. ಅದು ಬೇಟೆಗೆ ಕೂತಿರುವುದು! ಆ ಹೊತ್ತಿನಲ್ಲಿ ಬರಿಗೈ ಒಳಗೆ ಹಾಕಲೇಬೇಡಿ.

ಹಂತ 4: ಊಟದ ದಿನ ಜಾಸ್ತಿ ಎಚ್ಚರ

ಗಟ್ಟಿಯಾಗಿ ಹಿಡಿಯುವ ಕಡಿತ ಬಹಳಷ್ಟು ಆಗುವುದು ಊಟ ಕೊಡುವಾಗ. ಹಾಗಾಗಿ ಈ ಹಂತವನ್ನು ಮನೆಯವರೆಲ್ಲ ಓದಲಿ.

ಜೀವಂತ ಇಲಿ ಬೇಡ. ಹಾವು ತಕ್ಷಣ ತಿನ್ನದಿದ್ದರೆ ಇಲಿಯೇ ಅದನ್ನು ಕಚ್ಚಿ ಗಾಯ ಮಾಡುತ್ತದೆ. ಸಾಕು ಹಾವಿನ ಅಂಗಡಿಗಳಲ್ಲಿ ಫ್ರೀಜ್ ಮಾಡಿದ ಇಲಿ ಸಿಗುತ್ತದೆ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ ಸಾಕು. ಅದನ್ನು ಮನೆಯ ಅಡುಗೆ ಪದಾರ್ಥದ ಜೊತೆ ಇಡಬೇಡಿ, ಬೇರೆ ಡಬ್ಬಿಯಲ್ಲಿ ಮುಚ್ಚಿಡಿ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ಇಟ್ಟರೂ ಸಾಯುವುದಿಲ್ಲ.

ಹಿಂದಿನ ರಾತ್ರಿ ಇಲಿಯನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಕೊಡುವ ಮುಂಚೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಮಾತ್ರ ಬೇಡ. ಅದು ಒಂದೊಂದು ಕಡೆ ಬೇಯಿಸುತ್ತದೆ, ಹೊಟ್ಟೆ ಒಡೆಯಲೂಬಹುದು. ಕೊಡುವಾಗ ಇಲಿಯ ಮೈ 37–38 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಬೇಕು. ಕಾರಣ ಮೊದಲೇ ಹೇಳಿದ ಶಾಖದ ಕುಳಿಗಳು. ತಣ್ಣಗಿನ ಇಲಿಯನ್ನು ಬಿಸಿ ಕೈಯಲ್ಲಿ ಹಿಡಿದು ನಿಂತರೆ ಹಾವಿಗೆ ಕಾಣುವ ಬಿಸಿ ವಸ್ತು ಕೈಯೇ. ಗುರಿ ತಪ್ಪಿತು ಅಂತ ಆಮೇಲೆ ಹಾವನ್ನು ಬೈದು ಉಪಯೋಗವಿಲ್ಲ.

ಇಲಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿಯಿರಿ. ಕಮ್ಮಿ ಅಂದರೂ 30 ಸೆಂಟಿಮೀಟರ್ ಇರಲಿ, ಇನ್ನೂ ಉದ್ದವಿದ್ದರೆ ಒಳ್ಳೆಯದು. ಇಲಿಯ ಬೆನ್ನಿನ ಭಾಗವನ್ನೋ ಬಾಲದ ಬುಡವನ್ನೋ ಹಿಡಿದು, ತಲೆಯನ್ನು ಹಾವಿನ ಕಡೆಗೆ ಮಾಡಿ ಮೆಲ್ಲಗೆ ಆಡಿಸಿ. ಹಾವು ಹಿಡಿದ ಕೂಡಲೇ ಇಕ್ಕಳ ಸಡಿಲ ಬಿಡಿ. ಎಳೆದಾಡಬೇಡಿ, ಲೋಹದ ಇಕ್ಕಳಕ್ಕೆ ಹಲ್ಲು ತಾಗಿ ಬಾಯಿಗೆ ಪೆಟ್ಟಾಗುತ್ತದೆ. ಆಮೇಲೆ ಬಾಗಿಲು ಹಾಕಿ ಆಚೆ ಬನ್ನಿ. ನುಂಗುವುದನ್ನು ನೋಡುವ ಆಸೆಯಿದ್ದರೆ ಗಾಜಿನಾಚೆಯಿಂದ ನೋಡಿ. ಇಲಿ ಪಕ್ಕಕ್ಕೆ ಬಿದ್ದರೂ ಕೈ ಹಾಕಬೇಡಿ, ಇಕ್ಕಳದಿಂದಲೇ ಸರಿಸಿ.

ಇನ್ನೊಂದು ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಪೆಟ್ಟಿಗೆಯೊಳಗೆ ಊಟ ಕೊಟ್ಟರೆ ಹಾವು ಕೈಗೂ ಬಾಯಿ ಹಾಕುವುದನ್ನು ಕಲಿಯುತ್ತದೆ, ಆದ್ದರಿಂದ ಬೇರೆ ಡಬ್ಬಿಗೆ ಹಾಕಿ ಊಟ ಕೊಡಿ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಯೋಚಿಸಿ ನೋಡಿ. ಊಟದ ಹುಮ್ಮಸ್ಸಿನಲ್ಲಿರುವ ಹಾವನ್ನು ನೀವು ಬರಿಗೈಯಲ್ಲಿ ಎತ್ತಿ ವಾಪಸ್ ಇಡಬೇಕು. ಕಚ್ಚಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿದೆ? ಜೊತೆಗೆ, ತಿಂದ ಹಾವನ್ನು ಎತ್ತಾಡಿದರೆ ನುಂಗಿದ್ದನ್ನು ಕಕ್ಕಿಬಿಡಬಹುದು. ಅದು ಅದರ ಆರೋಗ್ಯಕ್ಕೂ ಕೆಟ್ಟದ್ದು. ಇದ್ದಲ್ಲೇ ಊಟ ಕೊಡಿ.

ಊಟವಾದ ಮೇಲೆ ಕೈ, ಇಕ್ಕಳ ಎರಡನ್ನೂ ಸೋಪಿನಿಂದ ತೊಳೆಯಿರಿ. ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬೇಡಿ.

ಹಂತ 5: ಹೊರಗೆ ತೆಗೆಯುವ ಮುಂಚೆ ಸುದ್ದಿ ಕೊಡಿ

ಬಾಗಿಲು ತೆಗೆದಾಗಲೆಲ್ಲ ಊಟ ಬಂದರೆ, ಬಾಗಿಲು ಅಂದರೆ ಊಟ ಅಂತ ಹಾವು ಅಂದುಕೊಳ್ಳುತ್ತದೆ. ಇದನ್ನು ಮುರಿಯಲು ಸುಲಭದ ದಾರಿ ಒಂದಿದೆ. ತುದಿ ಮೊಂಡಾಗಿರುವ ಸ್ನೇಕ್ ಹುಕ್‌ನಿಂದ (ಹಾವು ಎತ್ತುವ ಕೊಕ್ಕೆಯ ಕೋಲು) ಹಾವಿನ ನಡುಮೈಯನ್ನು ಮೆಲ್ಲಗೆ ಮುಟ್ಟಿ. ಹುಕ್ ಇಲ್ಲವಾ? ಪೇಪರ್ ಟವೆಲ್ ಸುತ್ತಿ ಬರುವ ರಟ್ಟಿನ ಕೊಳವೆಯೂ ನಡೆಯುತ್ತದೆ. ಎರಡು ಮೂರು ಸಲ ಸವರಿ, ಒಂದು ಕ್ಷಣ ಕಾಯಿರಿ. ಊಟ ಯಾವತ್ತೂ ಹೀಗೆ ಮೈ ಸವರುವುದಿಲ್ಲ ಅಲ್ವಾ? ಕೆಲವು ವಾರ ತಪ್ಪದೆ ಮಾಡಿದರೆ ಈ ಸ್ಪರ್ಶಕ್ಕೆ ಹಾವು ಬೇಟೆಯ ಭಂಗಿ ಬಿಟ್ಟು ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಹೊಡೆಯುವುದು, ಚುಚ್ಚುವುದು ಬೇಡವೇ ಬೇಡ. ಊಟದ ದಿನ ಈ ಸವರುವಿಕೆ ಮಾಡಬೇಡಿ. ಎರಡೂ ಬೆರೆತರೆ ಸಂಕೇತಕ್ಕೆ ಅರ್ಥ ಉಳಿಯುವುದಿಲ್ಲ.

ಆಮೇಲೆ ಕೈ ಹಾಕಿ. ಮೇಲಿಂದ ಬೇಡ, ಪಕ್ಕದಿಂದ. ಕಾಡಿನಲ್ಲಿ ಹದ್ದು, ಗಿಡುಗ ಮೇಲಿಂದಲೇ ಎರಗುತ್ತವೆ. ತಲೆಯ ಮೇಲೆ ನೆರಳು ಬಿದ್ದರೆ ಹಾವಿಗೆ ಜೀವಭಯ. ಮೈಯ ನಡುಭಾಗದ ಕೆಳಗೆ ಕೈ ತೂರಿಸಿ ಒಂದೇ ಓಟದಲ್ಲಿ ಎತ್ತಿ. ಹಾಕಿ, ತೆಗೆದು, ಮತ್ತೆ ಹಾಕಿ ಹಿಂಜರಿಯುವ ಕೈ ಹಾವಿಗೆ ಅನುಮಾನ ಹುಟ್ಟಿಸುತ್ತದೆ. ಧೈರ್ಯ ಸಾಲದಿದ್ದರೆ ಆ ದಿನ ಬಿಟ್ಟುಬಿಡಿ, ಅಥವಾ ಹುಕ್‌ನಿಂದಲೇ ಎತ್ತಿ.

ಎತ್ತಿದ ಮೇಲೆ ತಲೆ, ಕುತ್ತಿಗೆ ಹಿಡಿಯಬೇಡಿ. ಮೈಗೆ ಎರಡೂ ಕೈಯ ಆಧಾರ ಕೊಟ್ಟು ಅದು ಹರಿದಾಡಲು ಬಿಡಿ. ಮುಖದ ಹತ್ತಿರ ತರಲೇಬೇಡಿ. ಫೋಟೋಗಾಗಿ ಹಾವನ್ನು ಕೆನ್ನೆಗೆ ತಾಗಿಸಿಕೊಳ್ಳುವ ಚಾಳಿ ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಕೈಗೆ ಆದರೆ ನಾಲ್ಕು ದಿನದ ಗಾಯ. ಕಣ್ಣಿಗೆ ಆದರೆ?

ಹಂತ 6: ಮುಟ್ಟಬಾರದ ದಿನಗಳು

ಹೊಸದಾಗಿ ಬಂದ ಹಾವನ್ನು ಕನಿಷ್ಠ ಒಂದು ವಾರ ಅದರ ಪಾಡಿಗೆ ಬಿಡಿ. ಒಂದೆರಡು ಸಲ ಸರಿಯಾಗಿ ಊಟ ಮಾಡಿದ ಮೇಲೆ ಎತ್ತಲು ಶುರುಮಾಡಿ, ಅದೂ ಐದು ಹತ್ತು ನಿಮಿಷ.

ಪೊರೆ ಬಿಡುವ ಸಮಯ ಇನ್ನೊಂದು. ಬಣ್ಣ ಮಂಕಾಗುತ್ತದೆ, ಕಣ್ಣು ನೀಲಿ ಬೆರೆತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಹುರುಪೆಯೂ ಪೊರೆಯ ಜೊತೆ ಕಳಚುವುದರಿಂದ ಹೀಗೆ. ಆಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಕಾಣದೆ ಇರುವಾಗ ಏನೋ ಬಂದು ಮುಟ್ಟಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಪೊರೆ ಪೂರ್ತಿ ಬಿಡುವವರೆಗೆ ನೀರು ಬದಲಿಸುವುದು ಬಿಟ್ಟರೆ ಬೇರೆ ಕೆಲಸಕ್ಕೆ ಪೆಟ್ಟಿಗೆ ತೆರೆಯಬೇಡಿ.

ಹಂತ 7: ಪೆಟ್ಟಿಗೆ ಸರಿಯಿದೆಯಾ ನೋಡಿ

ಬಯಲಲ್ಲಿ ಬಿಟ್ಟ ಹಾಗಿರುವ ಗಾಜಿನ ಪೆಟ್ಟಿಗೆಯಲ್ಲಿ ಹಾವು ಯಾವಾಗಲೂ ಆತಂಕದಲ್ಲಿರುತ್ತದೆ. ಬಿಸಿ ಬದಿಗೊಂದು, ತಂಪು ಬದಿಗೊಂದು ಇಕ್ಕಟ್ಟಾದ ಅಡಗುತಾಣ ಇಡಿ. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಿದ್ದರೆ ಅದಕ್ಕೆ ನೆಮ್ಮದಿ. ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33 ಡಿಗ್ರಿ, ತಂಪು ಬದಿ 24ರಿಂದ 27 ಡಿಗ್ರಿ ಇರಲಿ. ಹೀಟರ್‌ಗೆ ಥರ್ಮೋಸ್ಟಾಟ್ ಇರಲೇಬೇಕು. ಅದಿಲ್ಲದೆ ಮೈ ಸುಟ್ಟುಕೊಂಡು, ನೋವಿಗೆ ಕಚ್ಚುವ ಹಾವುಗಳಿವೆ. ಟಿವಿಯ ಪಕ್ಕ, ಸ್ಪೀಕರ್ ಪಕ್ಕ ಪೆಟ್ಟಿಗೆ ಇಡಬೇಡಿ.

ಹಂತ 8: ಮಕ್ಕಳು, ಹಿರಿಯರು, ದೊಡ್ಡ ಹಾವು

ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗಳಿಗೆ ಈ ಮಾತು ಮುಖ್ಯ. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕಮ್ಮಿ ಇರುವವರು ಸರೀಸೃಪಗಳನ್ನು ಮುಟ್ಟಬಾರದು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. ಕಡಿತಕ್ಕಿಂತ ಸಾಲ್ಮೊನೆಲ್ಲಾ ಸೋಂಕಿನ ಭಯ ಇದಕ್ಕೆ ಕಾರಣ. ಅಜ್ಜಿಗೆ ಹಾವು ತೋರಿಸುವುದಾದರೆ ಗಾಜಿನಾಚೆಯಿಂದ ತೋರಿಸಿ. ಪೆಟ್ಟಿಗೆಗೆ ಬೀಗ ಇರಲಿ. ದೊಡ್ಡ ಮಕ್ಕಳು ಹಾವು ಎತ್ತುವಾಗ ಪಕ್ಕದಲ್ಲೇ ದೊಡ್ಡವರೊಬ್ಬರು ಇರಬೇಕು. ನಾಗರಪಂಚಮಿಯ ನೆನಪಲ್ಲಿ ಯಾರಾದರೂ ಹಾಲಿಡಲು ಹೊರಟರೆ ಪ್ರೀತಿಯಿಂದಲೇ ತಡೆಯಿರಿ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ, ಅದಕ್ಕೆ ಬೇಕಾದ್ದು ಶುದ್ಧ ನೀರು.

8 ಅಡಿ ದಾಟಿದ ಹಾವನ್ನು ಒಬ್ಬರೇ ಎತ್ತಬಾರದು, ಊಟ ಕೊಡುವಾಗಲೂ ಇನ್ನೊಬ್ಬರು ಜೊತೆಗಿರಬೇಕು. ಬರ್ಮೀಸ್ ಪೈಥಾನ್, ರೆಟಿಕ್ಯುಲೇಟೆಡ್ ಪೈಥಾನ್ ಸುತ್ತಿ ಬಿಗಿದರೆ ಜೀವಕ್ಕೇ ಅಪಾಯ. ಅಮೆರಿಕ ಮೊದಲನೆಯದನ್ನು 2012ರಲ್ಲಿ, ಎರಡನೆಯದನ್ನು 2015ರಲ್ಲಿ ಲೇಸಿ ಕಾಯ್ದೆಯ ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿಸಿ ಆಮದು ತಡೆಯಿತು. ಮನೆಯ ಹಾವಾಗಿ ಇವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಹಂತ 9: ಕಚ್ಚಿಯೇ ಬಿಟ್ಟರೆ

ಕೈ ಎಳೆಯಬೇಡಿ. ಇದೊಂದನ್ನು ಮನಸ್ಸಿಗೆ ಬರೆದಿಟ್ಟುಕೊಳ್ಳಿ. ಹಾವಿನ ಹಲ್ಲುಗಳು ಸೂಜಿಯಷ್ಟು ತೆಳು, ತುದಿ ಗಂಟಲ ಕಡೆಗೆ ಬಾಗಿರುತ್ತದೆ. ಎಳೆದರೆ ಚುಚ್ಚಿದ ಗಾಯ ಹರಿದ ಗಾಯವಾಗುತ್ತದೆ. ಹಾವಿನ ಹಲ್ಲು ಮುರಿದು ನಿಮ್ಮ ಚರ್ಮದಲ್ಲೇ ಉಳಿಯಬಹುದು.

ತಾಗಿ ಬಿಟ್ಟಿದ್ದರೆ ಹಾವನ್ನು ಮೆಲ್ಲಗೆ ಪೆಟ್ಟಿಗೆಗೆ ಬಿಟ್ಟು ಗಾಯ ನೋಡಿಕೊಳ್ಳಿ. ಹಿಡಿದುಕೊಂಡಿದ್ದರೆ ಕೂತುಕೊಳ್ಳಿ, ಅದರ ಮೈಗೆ ಆಧಾರ ಕೊಡಿ. ಎಷ್ಟೋ ಸಲ ಇದು ಇಲಿಯಲ್ಲ ಅಂತ ಗೊತ್ತಾಗಿ ತಾನೇ ಬಿಡುತ್ತದೆ. ಬಿಡದಿದ್ದರೆ ಬಾಲದ ಕಡೆಯಿಂದ ಸುತ್ತು ಬಿಚ್ಚುತ್ತಾ ಬನ್ನಿ. ಬಾಲದ ಕಡೆ ಅದಕ್ಕೆ ಬಲ ಕಮ್ಮಿ. ನಲ್ಲಿಯ ತಣ್ಣೀರನ್ನು ತಲೆಯ ಮೇಲೆ ಸಣ್ಣಗೆ ಬಿಡಿ. ಆಗಲೂ ಬಿಡದಿದ್ದರೆ ಹಳೆಯ ಬ್ಯಾಂಕ್ ಕಾರ್ಡ್‌ನಂಥ ತೆಳು ಪ್ಲಾಸ್ಟಿಕ್ ಅನ್ನು ಹಲ್ಲು ಮತ್ತು ಚರ್ಮದ ನಡುವೆ ಮೆಲ್ಲಗೆ ತೂರಿಸಿ. ಹಾವಿನ ತಲೆಯನ್ನು ಒಂಚೂರು ಮುಂದಕ್ಕೆ, ಅಂದರೆ ನಿಮ್ಮ ಕೈಯ ಕಡೆಗೇ ತಳ್ಳಿದರೆ ಬಾಗಿದ ಹಲ್ಲು ಬಿಡಿಸಿಕೊಳ್ಳುತ್ತದೆ, ಆಮೇಲೆ ಮೇಲೆತ್ತಿ. ಹೊಡೆಯುವುದು, ದವಡೆ ಹಿಸುಕುವುದು, ಬೆಂಕಿ ತೋರಿಸುವುದು ಖಂಡಿತ ಬೇಡ.

ಗಾಯ ಹೇಗಿರುತ್ತದೆ ಅಂತ ಮುಂಚೆಯೇ ಗೊತ್ತಿದ್ದರೆ ಗಾಬರಿ ಕಮ್ಮಿ. ಅರ್ಧಚಂದ್ರದ ಆಕಾರದಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಒಂದೊಂದರಿಂದಲೂ ರಕ್ತದ ಹನಿ. ನೋಡಲು ರಕ್ತ ಜಾಸ್ತಿ ಅನ್ನಿಸುತ್ತದೆ, ನೋವು ಅಷ್ಟಿರುವುದಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ಕೆಲವು ನಿಮಿಷ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆಳಕಿನಲ್ಲಿ ನೋಡಿ, ಹಲ್ಲಿನ ಚೂರು ಕಂಡರೆ ಚಿಮಟದಿಂದ ತೆಗೆಯಿರಿ. ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು 5 ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳಿ.

ಮುಖ, ಕಣ್ಣು, ಬೆರಳಿನ ಗೆಣ್ಣಿಗೆ ಕಚ್ಚಿದ್ದರೆ, ರಕ್ತ ನಿಲ್ಲದಿದ್ದರೆ, ಹಲ್ಲು ಒಳಗೇ ಉಳಿದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನದಲ್ಲಿ ಕೆಂಪು ಹರಡಿದರೆ, ಊದಿಕೊಂಡರೆ, ಕೀವು ಅಥವಾ ಜ್ವರ ಬಂದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಗಾಯವನ್ನೂ ತೋರಿಸಿ. ಹಾಗ್‌ನೋಸ್ ವಿಷಯ ಸ್ವಲ್ಪ ಬೇರೆ. ಅದರ ಬಾಯಿಯ ಹಿಂಭಾಗದ ಹಲ್ಲುಗಳ ಮೂಲಕ ಸೌಮ್ಯ ವಿಷ ಇಳಿಯುತ್ತದೆ. ಅದು ಹಿಡಿದು ಅಗಿಯತೊಡಗಿದರೆ ತಾನೇ ಬಿಡಲಿ ಅಂತ ಕಾಯದೆ ಬೇಗ ಬಿಡಿಸಿ. ಕೈ ಊದುತ್ತಾ ಹೋದರೆ ಡಾಕ್ಟರಿಗೆ ತೋರಿಸಿ, ಯಾವ ಹಾವು ಅಂತ ಹೇಳಿ.

ಹಂತ 10: ಕಚ್ಚಿದ ಮೇಲೆ ಮತ್ತೆ ಶುರುಮಾಡುವುದು

ಎರಡು ಮೂರು ದಿನ ಹಾವನ್ನು ಬಿಟ್ಟುಬಿಡಿ. ಅಷ್ಟರಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಕಚ್ಚಿತು, ಕೊನೆಯ ಊಟ ಯಾವಾಗ, ಪೊರೆ ಯಾವಾಗ ಬಿಟ್ಟಿತ್ತು, ಪೆಟ್ಟಿಗೆಯ ಶಾಖ ಎಷ್ಟಿತ್ತು, ಕೈ ತೊಳೆದಿತ್ತಾ, ಎಲ್ಲಿಂದ ಕೈ ಹಾಕಿದಿರಿ. ಬಹಳಷ್ಟು ಸಲ ಬರೆಯುತ್ತಿದ್ದ ಹಾಗೆಯೇ ಕಾರಣ ಹೊಳೆಯುತ್ತದೆ. ಆಮೇಲೆ ಹಂತ 5ರಿಂದ ಮತ್ತೆ ಮೊದಲು ಮಾಡಿ. ಮೊದಲ ಕೆಲವು ಸಲ ದಪ್ಪ ಕೈಗವಸು ಹಾಕಿಕೊಂಡರೆ ತಪ್ಪೇನಿಲ್ಲ. ನಿಮ್ಮ ಕೈ ನಡುಗದೆ ಇರುವುದು ಹಾವಿಗೂ ಒಳ್ಳೆಯದು.

ವರ್ಷಗಟ್ಟಲೆ ಶಾಂತವಾಗಿದ್ದ ಹಾವು ಇದ್ದಕ್ಕಿದ್ದಂತೆ ಕಚ್ಚಲು ಶುರುಮಾಡಿದರೆ ಸ್ವಭಾವ ಕೆಟ್ಟಿತು ಅನ್ನಬೇಡಿ. ಹುರುಪೆಗಳ ಸಂದಿಯಲ್ಲಿ, ಕಣ್ಣಿನ ಸುತ್ತ ಚುಕ್ಕೆಯಂಥ ಕಪ್ಪು ಮೈಟ್ ಹುಳುಗಳಿವೆಯಾ ನೋಡಿ. ನೀರಿನ ಬಟ್ಟಲಲ್ಲೂ ಅವು ಬಿದ್ದಿರುತ್ತವೆ. ಹೊಟ್ಟೆಯ ಕಡೆ ಸುಟ್ಟ ಗಾಯವಿದೆಯಾ, ಬಾಯಿ ಊದಿದೆಯಾ, ಉಸಿರಾಡುವಾಗ ಗೊರಗೊರ ಸದ್ದು ಬರುತ್ತಿದೆಯಾ ಗಮನಿಸಿ. ಇವುಗಳಲ್ಲಿ ಒಂದು ಕಂಡರೂ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ, ಹಾಗಾಗಿ ಹಾವು ಆರೋಗ್ಯವಾಗಿರುವಾಗಲೇ ಅಂಥವರೊಬ್ಬರನ್ನು ಹುಡುಕಿ ಅವರ ನಂಬರನ್ನು ಪೆಟ್ಟಿಗೆಯ ಮೇಲೆ ಅಂಟಿಸಿಡಿ.